ಎಂಬಿಎಗೆ ಮೂರು ಅರ್ಜಿ

ಎಂಬಿಎಗೆ ಅರ್ಜಿ ಹಾಕಿದವರ ಮನೆಯಲ್ಲಿ ನಗುವಂಥ ಸಂಗತಿಗಳಿಗೆ ಬರ ಇರುವುದಿಲ್ಲ. ಆದರೆ ನಗುವವರು ಅರ್ಜಿ ಹಾಕಿದವರಲ್ಲ, ಬೇರೆಯವರು. ನಾನು ಮೂರು ವರ್ಷ ಮೂರು ಸಲ ಹಾಕಿದೆ. ಆಗ ನನಗೆ ಒಂದಕ್ಕೂ ನಗು ಬರಲಿಲ್ಲ, ಈಗಲೂ ಎಲ್ಲಕ್ಕೂ ಬರುವುದಿಲ್ಲ. ಆದರೂ ಹೇಳುತ್ತೇನೆ. ನಾನು ಹೇಳದಿದ್ದರೆ ನಮ್ಮವ್ವ ಹೇಳುತ್ತಾಳೆ, ಆಕೆ ಹೇಳುವಾಗ ನನ್ನ ವಯಸ್ಸನ್ನೂ ಸೇರಿಸಿ ಹೇಳುತ್ತಾಳೆ.

ನಮ್ಮದು ಕಂಪ್ಲಿ. ಅಪ್ಪನದು ಅಕ್ಕಿ ಮಿಲ್ಲು. ಮಕ್ಕಳಲ್ಲಿ ನಾನು ಹಿರಿಯಳು, ನನಗಿಂತ ನಾಲ್ಕು ವರ್ಷಕ್ಕೆ ಚಿಕ್ಕವನು ತಮ್ಮ. ಇಂಜಿನಿಯರಿಂಗ್ ಮುಗಿಸಿ ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆಗೆ ಕೆಲಸಗಾರರನ್ನು ಒದಗಿಸುವ ಒಂದು ಗುತ್ತಿಗೆ ಕಂಪನಿಗೆ ಸೇರಿದ್ದೆ. ಯಾರು ಯಾವ ಶಿಫ್ಟಿಗೆ ಬರಬೇಕು ಎಂಬ ಪಟ್ಟಿ ಮಾಡುವುದು ನನ್ನ ಕೆಲಸ. ವಾರವೆಲ್ಲ ಹೊಸಪೇಟೆಯ ಲೇಡೀಸ್ ಪೀಜಿಯಲ್ಲಿ, ಭಾನುವಾರ ಕಂಪ್ಲಿಯಲ್ಲಿ. ಆಸೆ ಅಂಥ ದೊಡ್ಡದೇನಲ್ಲ. ಒಳ್ಳೆಯ ಕಾಲೇಜಿನಲ್ಲಿ ಎಂಬಿಎ ಮಾಡಿ ಬಂದರೆ ಅಪ್ಪ ಮಿಲ್ಲನ್ನು ನನ್ನ ಕೈಗೆ ಕೊಟ್ಟಾನು ಅನ್ನುವುದು. ಭತ್ತದ ರಾಶಿಯ ಮೇಲೆ ಆಡಿ ಬೆಳೆದವಳು ನಾನು. ಕಾಳು ಕಚ್ಚಿದರೆ ತೇವ ಎಷ್ಟಿದೆ ಅಂತ ಹೇಳುತ್ತಿದ್ದೆ. ತಮ್ಮನಿಗೆ ಭತ್ತದ ಧೂಳು ಅಂದರೆ ಅಲರ್ಜಿ, ಮಿಲ್ಲಿನ ಗೇಟಿನಲ್ಲೇ ಸೀನು ಶುರು. ಆದರೆ ಮಿಲ್ಲಿನ ಬೋರ್ಡಿನ ಮೇಲೆ ‘ಅಂಡ್ ಸನ್’ ಅಂತ ಅವನು ಹುಟ್ಟಿದ ವಾರವೇ ಬರೆಸಿಯಾಗಿತ್ತು.

೧. ವ್ಯಾಪಾರ ಕಲಿಸುವ ಕಾಲೇಜು

ಅಪ್ಪನಿಗೆ ವಿಷಯ ತಿಳಿಸಲು ಒಂದು ಭಾನುವಾರ ಮಿಲ್ಲಿನ ಆಫೀಸಿಗೆ ಹೋದೆ. ಎದುರಿಗೆ ಎಮ್ಮಿಗನೂರಿನ ರೈತರೊಬ್ಬರು ಕೂತಿದ್ದರು, ಭತ್ತ ತಂದವರು. ಅವರು ಎದ್ದು ಹೋಗಲಿ ಅಂತ ಅರ್ಧ ಗಂಟೆ ಕಾದೆ. ಅವರು ಚಹಾ ತರಿಸಿಕೊಂಡರು. ಸರಿ ಅಂತ ಅವರ ಎದುರಿಗೇ ಹೇಳಿದೆ.

“ಎಂಬಿಎ ಅಂದ್ರ ಏನು?” ಅಂತ ಅಪ್ಪ ಕೇಳಿದ.

“ವ್ಯಾಪಾರ ಹೆಂಗ ಮಾಡಬೇಕಂತ ಕಲಸ್ತಾರಪ್ಪ. ಎರಡು ವರ್ಷ.”

“ಯಾರು ಕಲಸ್ತಾರ?”

“ಪ್ರೊಫೆಸರ್‌ಗಳು.”

“ಅವ್ರದು ಏನು ವ್ಯಾಪಾರ ಐತಿ?”

“ಅವ್ರದು ವ್ಯಾಪಾರ ಇಲ್ಲ. ಕಲಸ್ತಾರ ಅಷ್ಟ.”

ಅಪ್ಪ ರೈತರ ಮುಖ ನೋಡಿದ. ಅವರು ಸಾಸರಿಗೆ ಚಹಾ ಸುರುವಿಕೊಳ್ಳುತ್ತ, “ಭಾಳ ಶ್ಯಾಣೇರು ಬಿಡ್ರಿ ಸಾವ್ಕಾರ್ರೆ. ಕಲಸೋದ್ರಾಗ ಲುಕ್ಸಾನ ಆಗಂಗಿಲ್ಲ,” ಅಂದರು.

ಓದಿ ಬಂದ ಮೇಲೆ ಮಿಲ್ಲು ನಾನು ನೋಡಿಕೊಳ್ಳುತ್ತೇನೆ ಅಂದೆ. ಅಪ್ಪ ಸಿಟ್ಟಾಗಲಿಲ್ಲ. “ಮಿಲ್ಲು ನಿನ್ನ ತಮ್ಮ ನೋಡ್ಕೊಂತಾನವ್ವ. ನಿನಗ್ಯಾಕ ಈ ಧೂಳು?” ಅಂತ ಪ್ರೀತಿಯಿಂದಲೇ ಅಂದ. ಪ್ರೀತಿಯಿಂದ ಅಂದ ಮಾತಿಗೆ ಜಗಳ ಆಡಲು ಬರುವುದಿಲ್ಲ, ಅದೇ ತೊಂದರೆ. ಆ ಹೊತ್ತಿಗೆ ತಮ್ಮ ಮಿಲ್ಲಿನ ಹಿಂದೆ ಕಾರಿನಲ್ಲಿ ಏಸಿ ಹಾಕಿಕೊಂಡು ಮಲಗಿದ್ದ.

ಅಪ್ಪನಿಗೆ ಆಗ ಹಲ್ಲುನೋವು. ರೈತರು ತಂದ ಭತ್ತದ ಒಂದು ಹಿಡಿಯನ್ನು ನನ್ನ ಕೈಗೆ ಹಾಕಿ, “ಕಚ್ಚಿ ನೋಡು,” ಅಂದ. ನಾಲ್ಕು ಕಾಳು ಕಚ್ಚಿದೆ. “ಹಸಿ ಐತಪ್ಪ. ಇನ್ನೂ ಎರಡು ದಿನ ಒಣಗಬೇಕಿತ್ತು. ಈ ರೇಟು ಕೊಡಾಕ ಬರಂಗಿಲ್ಲ,” ಅಂದೆ.

ರೈತರು ಸಾಸರು ಕೆಳಗಿಟ್ಟರು. “ಓದಾಕ ಕಳಿಸಿಬಿಡ್ರಿ ಸಾವ್ಕಾರ್ರೆ ಈಕಿನ್ನ. ಜಲ್ದಿ ಕಳಸ್ರಿ,” ಅಂದರು.

೨. ನಮ್ಮ ಹೆಮ್ಮೆ

ಹೊಸಪೇಟೆ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಕೋಚಿಂಗ್ ಸೆಂಟರಿಗೆ ಸೇರಿದೆ. ಪೊಲೀಸ್, ಬ್ಯಾಂಕು, ರೈಲ್ವೆ, ಎಂಬಿಎ ಎಲ್ಲದಕ್ಕೂ ಒಬ್ಬರೇ ಸರ್, ಒಂದೇ ಕೋಣೆ. ಒಮ್ಮೆ ಅವರು ಅಣಕು ಪರೀಕ್ಷೆ ಇಟ್ಟರು. ಹಿಂದಿನ ವರ್ಷದ ಪ್ರಶ್ನೆಪತ್ರಿಕೆಯನ್ನೇ ಕೊಟ್ಟಿದ್ದರು. ಅದನ್ನು ನಾನು ಮನೆಯಲ್ಲಿ ಎರಡು ಸಲ ಬಿಡಿಸಿದ್ದೆ. ಅಂಕ ಭಾರಿ ಬಂತು.

ಸರ್ ತಡ ಮಾಡಲಿಲ್ಲ. ಮೂರನೇ ದಿನಕ್ಕೆ ಬಸ್ ಸ್ಟ್ಯಾಂಡಿನ ಎದುರು ಫ್ಲೆಕ್ಸ್ ಎದ್ದಿತು. ಆಳೆತ್ತರದ ನನ್ನ ಮುಖ, ಮೇಲೆ ‘ನಮ್ಮ ಹೆಮ್ಮೆ’, ಕೆಳಗೆ ಅಂಕ. ‘ಅಣಕು ಪರೀಕ್ಷೆ’ ಅನ್ನುವುದು ಫ್ಲೆಕ್ಸ್ ಮುದ್ರಿಸಿದ ಅಂಗಡಿಯ ಫೋನ್ ನಂಬರಿಗಿಂತ ಸಣ್ಣ ಅಕ್ಷರದಲ್ಲಿತ್ತು.

ನಿಜವಾದ ಪರೀಕ್ಷೆಯ ರಿಸಲ್ಟ್ ಬಂತು. ಒಂದು ಕಾಲೇಜೂ ಇಂಟರ್‌ವ್ಯೂಗೆ ಕರೆಯದಷ್ಟು ಕಡಿಮೆ. ಪೀಜಿಯ ಬಚ್ಚಲುಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಹೊರಗೆ ಇಬ್ಬರು ಬಕೆಟ್ ಹಿಡಿದು ನಿಂತಿದ್ದರು. ಸ್ವಲ್ಪ ಹೊತ್ತು ಕೇಳಿಸಿಕೊಂಡು ಒಬ್ಬಳು ಬಾಗಿಲು ತಟ್ಟಿದಳು. “ಅಕ್ಕಾ, ಅಳೋದಿದ್ರ ರೂಮಿನ್ಯಾಗ ಅಳ್ರಿ. ಟ್ಯಾಂಕಿನ್ಯಾಗ ನೀರು ಖಾಲಿ ಆಗ್ತಾವ.”

ಮರುದಿನದಿಂದ ಇನ್ನೊಂದು ಕಷ್ಟ. ಫ್ಲೆಕ್ಸ್ ನೋಡಿದವರೆಲ್ಲ ಅಭಿನಂದಿಸುವವರೇ. ಬಸ್ ಕಂಡಕ್ಟರ್ ಕೂಡ ಟಿಕೆಟ್ ಕೊಡುವಾಗ, “ಯಾವಾಗ ಹೊಂಟ್ರಿ ಮೇಡಂ ಕಾಲೇಜಿಗೆ?” ಅಂದ. ಫ್ಲೆಕ್ಸ್ ತೆಗೆಸಿ ಅಂತ ಸರ್‌ಗೆ ಕೈಮುಗಿದೆ. “ಇರ್ಲಿ ಬಿಡಮ್ಮ, ನಮಗ ಈಗ ಅಡ್ಮಿಷನ್ ಟೈಮು,” ಅಂದರು. ಮಳೆಗಾಲ ಬಂದ ಮೇಲೆ ಒಂದು ದಿನ ಅದು ತಾನಾಗಿಯೇ ಕಾಣೆಯಾಯಿತು. ನಾನು ಪೀಜಿಯಲ್ಲಿ ಎಲ್ಲರಿಗೂ ಬಿಸ್ಕತ್ತು ಹಂಚಿದೆ.

ತಿಂಗಳಾದ ಮೇಲೆ ಒಂದು ಸಂಜೆ ಜೋರು ಮಳೆ. ರಸ್ತೆ ಬದಿಯ ವಗ್ಗರಣಿ ಮಿರ್ಚಿ ಬಂಡಿಯ ಚಪ್ಪರದ ಕೆಳಗೆ ನಿಂತು ಒಂದು ಪ್ಲೇಟ್ ಹೇಳಿದೆ. ಬಂಡಿಯವನು ಎಣ್ಣೆಯಿಂದ ಮಿರ್ಚಿ ಎತ್ತುತ್ತ ನನ್ನನ್ನು ನೋಡಿದ, ಮೇಲೆ ನೋಡಿದ, ಮತ್ತೆ ನನ್ನನ್ನು ನೋಡಿದ. ನಾನೂ ಮೇಲೆ ನೋಡಿದೆ. ಬಂಡಿಯ ಚಪ್ಪರಕ್ಕೆ ನನ್ನ ಫ್ಲೆಕ್ಸ್ ಹೊದಿಸಿದ್ದ, ಮುಖ ಕೆಳಮುಖವಾಗಿ. ಹೊಗೆ ಹಿಡಿದು ನನಗೆ ಮೀಸೆ ಬಂದಿತ್ತು.

“ನೀವ ಅಲ್ಲೇನ್ರಿ ಅದು?”

“ಹೌದು.”

ನನ್ನ ತಟ್ಟೆಗೆ ಎರಡು ಮಿರ್ಚಿ ಹೆಚ್ಚಿಗೆ ಹಾಕಿದ. “ತಗೊಳ್ರಿ. ನಿಮ್ಮಿಂದ ನಮಗ ಭಾಳ ಉಪಕಾರ ಆಗೈತಿ. ಇಷ್ಟು ಮಳಿ ಬಂದ್ರೂ ಒಂದು ಹನಿ ಸೋರಿಲ್ಲ.”

೩. ನಿನ್ನ ಬಗ್ಗೆ ನೀನೇ ಬರಿ

ಎರಡನೇ ವರ್ಷ ಕೋಚಿಂಗ್ ಬಿಟ್ಟು ನಾನೇ ಓದಿದೆ. ಅಂಕ ಪರವಾಗಿಲ್ಲ ಅನ್ನುವಷ್ಟು ಬಂತು. ಒಂದು ಕಾಲೇಜಿನಿಂದ ಕರೆ ಬಂತು. ಅವರು ಕೆಲಸ ಮಾಡುವ ಕಡೆಯಿಂದ ಶಿಫಾರಸು ಪತ್ರ ಕೇಳಿದ್ದರು. ತೋರಣಗಲ್ಲಿನ ನಮ್ಮ ಮ್ಯಾನೇಜರ್ ಹತ್ತಿರ ಹೋದೆ. “ನನಗೆಲ್ಲಿ ಟೈಮ್ ಐತಿ? ನಿನ್ನ ಬಗ್ಗೆ ನೀನ ಬರ್ಕೊಂಡು ಬಾ, ಸೈನ್ ಹಾಕ್ತೀನಿ,” ಅಂದರು.

ತನ್ನನ್ನು ತಾನೇ ಹೊಗಳಿಕೊಂಡು ಒಂದು ಪುಟ ಬರೆಯುವುದು ಎಷ್ಟು ಕಷ್ಟ ಅಂತ ಬರೆದವರಿಗೇ ಗೊತ್ತು. ಮೂರು ದಿನ ಹಿಡಿಯಿತು. ಹಬ್ಬದ ವಾರದಲ್ಲಿ ಆಳು ಬರದೆ ಶಿಫ್ಟು ನಿಂತುಹೋಗುತ್ತಿದ್ದುದನ್ನು ನಾನು ಹೇಗೆ ತಪ್ಪಿಸಿದೆ, ಕುರೆಕುಪ್ಪದ ಕೆಲಸಗಾರರಿಗೂ ಹೊಸಪೇಟೆಯವರಿಗೂ ಬಸ್ಸು ಹೊಂದುವ ಹಾಗೆ ಪಟ್ಟಿಯನ್ನು ಹೇಗೆ ಬದಲಿಸಿದೆ, ಇದನ್ನೆಲ್ಲ ಬರೆದೆ. ಒಂದೂ ಸುಳ್ಳಿರಲಿಲ್ಲ.

ಮ್ಯಾನೇಜರ್ ಓದುತ್ತ ಓದುತ್ತ ಕುರ್ಚಿಯಲ್ಲಿ ನೆಟ್ಟಗೆ ಕೂತರು. “ಇದನ್ನೆಲ್ಲ ನೀ ಮಾಡಿದ್ದಾ?”

“ಹೌದು ಸರ್.”

“ನನಗ ಗೊತ್ತ ಇರ್ಲಿಲ್ಲ ನೋಡು. ಹಬ್ಬದಾಗ ಜನ ತಾವ ಬರಾಕ್ಹತ್ಯಾರ ಅನ್ಕೊಂಡಿದ್ದೆ.”

ಎರಡು ವರ್ಷದಲ್ಲಿ ಮೊದಲ ಸಲ ಅವರ ಕಣ್ಣಲ್ಲಿ ನನ್ನ ಬಗ್ಗೆ ಗೌರವ ಕಂಡೆ. ಹಿಗ್ಗಿಹೋದೆ. ಮರುದಿನ ಬೆಳಿಗ್ಗೆ ಆಫೀಸಿಗೆ ಹೋದರೆ ನನ್ನ ಮೇಜಿನ ಮೇಲೆ ಇನ್ನೊಂದು ವಿಭಾಗದ ಫೈಲುಗಳೂ ಕೂತಿದ್ದವು. ಅಲ್ಲಿನ ಶಿಫ್ಟು ಪಟ್ಟಿಯನ್ನೂ ನಾನೇ ಮಾಡಬೇಕಂತೆ. “ಇಷ್ಟು ಶ್ಯಾಣೆ ಇದ್ದಾಕಿನ್ನ ಸುಮ್ನ ಕುಂದ್ರಸೋದು ತಪ್ಪು,” ಅಂದರು ಮ್ಯಾನೇಜರ್.

ಕೊನೆಯ ದಿನ ಪತ್ರವನ್ನು ಕಾಲೇಜಿನ ವೆಬ್‌ಸೈಟಿಗೆ ಹಾಕಲು ಕೂತರು. ಪತ್ರದ ಜೊತೆ ಒಂದು ಪ್ರಶ್ನೆಗೆ ಅಲ್ಲೇ ಉತ್ತರ ಬರೆಯಬೇಕಿತ್ತು. ಅಭ್ಯರ್ಥಿಯ ದೊಡ್ಡ ದೋಷ ಯಾವುದು ಅಂತ. ನಾನು ಎದುರಿಗೇ ನಿಂತಿದ್ದೆ. ಅವರು ಬಹಳ ಯೋಚನೆ ಮಾಡಿ, ಎರಡು ಬೆರಳಲ್ಲಿ ಒಂದೇ ಸಾಲು ಟೈಪ್ ಮಾಡಿ ಕಳಿಸಿಬಿಟ್ಟರು. ಇಡೀ ಶಿಫಾರಸಿನಲ್ಲಿ ಅವರೇ ಸ್ವತಃ ಬರೆದದ್ದು ಅದೊಂದೇ ಸಾಲು. ‘ಈಕೆ ಕೆಲಸ ಬಿಟ್ಟು ಹೋಗಬೇಕು ಅಂತಾಳೆ.’

೪. ಹಂಪಿಯ ಗೈಡು

ಹೊಸಪೇಟೆ ಕಡೆಯವರು ಯಾವ ಇಂಟರ್‌ವ್ಯೂಗೆ ಹೋದರೂ ಹಂಪಿಯ ಬಗ್ಗೆ ಕೇಳೇ ಕೇಳುತ್ತಾರೆ ಅಂತ ಎಲ್ಲರೂ ಹೆದರಿಸಿದರು. ನಾನು ಹಂಪಿಗೆ ಹೋಗಿದ್ದು ನೆಂಟರು ಬಂದಾಗ ಮಾತ್ರ. ಆಗಲೂ ನಾನು ಚಪ್ಪಲಿ ಕಾಯುವವಳು. ಹಾಗಾಗಿ ಒಂದು ದಿನ ರಜೆ ಹಾಕಿ ಹೋಗಿ ಒಬ್ಬ ಗೈಡನ್ನು ಹಿಡಿದೆ.

“ಟೂರಿಸ್ಟಾ, ಇಂಟರ್‌ವ್ಯೂನಾ?” ಅಂತ ಮೊದಲೇ ಕೇಳಿದ.

“ಅದು ಹೆಂಗ ಗೊತ್ತಾತು?”

“ಟೂರಿಸ್ಟ್ ಇದ್ದೋರು ಮೊದಲ ಫೋಟೊ ತೆಗೀತಾರ. ನೀವು ನೋಟ್‌ಬುಕ್ ತೆಗೆದ್ರಿ.”

ಬಿಸಿಲಲ್ಲಿ ಏಳು ಗಂಟೆ ನಡೆಸಿದ. ಯಾವ ಬಜಾರಿನಲ್ಲಿ ಏನು ಮಾರುತ್ತಿದ್ದರು, ಕುದುರೆ ಎಲ್ಲಿಂದ ಬರುತ್ತಿದ್ದವು, ಸುಂಕ ಯಾರು ಎತ್ತುತ್ತಿದ್ದರು, ನೀರಿನ ಕಾಲುವೆ ಹೇಗೆ ಹೋಗುತ್ತಿತ್ತು, ಎಲ್ಲ ಬರೆದುಕೊಂಡೆ. ಬಾಯಿಪಾಠ ಮಾಡಿದೆ. ಬೆಂಗಳೂರಿನ ಬಸ್ಸಿನಲ್ಲಿ ಪಕ್ಕದ ಸೀಟಿನ ಅಜ್ಜಿಗೆ ಪೂರ್ತಿ ಒಪ್ಪಿಸಿದೆ. ಆಕೆ ಕೈಯೆತ್ತಿ ಆಶೀರ್ವಾದ ಮಾಡಿದಳು.

ಇಂಟರ್‌ವ್ಯೂನಲ್ಲಿ ಮೂವರು ಕೂತಿದ್ದರು. ಕಬ್ಬಿಣದ ಅದಿರು ಕೇಳಿದರು, ಉಕ್ಕಿನ ದರ ಕೇಳಿದರು, ಸಂಡೂರಿನ ಗಣಿಗಳ ಬಗ್ಗೆ ಇಪ್ಪತ್ತು ನಿಮಿಷ ಕೇಳಿದರು. ನನಗೆ ಆಳುಗಳ ಶಿಫ್ಟು ಗೊತ್ತು, ಅದಿರಿನ ರಫ್ತು ಗೊತ್ತಿಲ್ಲ. ತಡವರಿಸಿದೆ. ಎಲ್ಲ ಮುಗಿಯಿತು ಅನ್ನುವಾಗ ನಡುವಿನ ಪ್ರೊಫೆಸರು ಕನ್ನಡಕ ತೆಗೆದು, “ನಿಮ್ಮದು ಹಂಪಿ ಹತ್ತಿರ ಅಲ್ಲವಾ?” ಅಂದರು.

ನನ್ನ ಜೀವ ಮರಳಿ ಬಂತು. “ಹೌದು ಸರ್.”

“ಮುಂದಿನ ತಿಂಗಳು ಫ್ಯಾಮಿಲಿ ಜೊತೆ ಹೋಗಬೇಕು ಅಂತಿದ್ದೇವೆ. ಒಳ್ಳೆಯ ಗೈಡ್ ಯಾರಾದರೂ ಗೊತ್ತಾ?”

ನಂಬರ್ ಕೊಟ್ಟೆ. ಅವರು ಬರೆದುಕೊಂಡರು. ಆ ಇಂಟರ್‌ವ್ಯೂನಲ್ಲಿ ಅವರು ಬರೆದುಕೊಂಡ ಒಂದೇ ಉತ್ತರ ಅದು.

ಸೀಟು ಸಿಗಲಿಲ್ಲ ಅಂತ ಮೇಲ್ ಬಂತು. ಅದರ ಮರುವಾರ ಗೈಡ್ ಫೋನ್ ಮಾಡಿದ. “ಮೇಡಂ, ನೀವು ಕಳಿಸಿದ ಪ್ರೊಫೆಸರ್ ಸಾಹೇಬ್ರು ಬಂದಿದ್ರು. ಭಾಳ ಒಳ್ಳೇ ಮಂದಿ. ನಿಮಗ ಸೀಟ್ ಆತಾ?”

“ಇಲ್ಲಪ್ಪ.”

“ಅಯ್ಯೋ. ನನಗ ಅವ್ರ ಕಡಿಂದ ಇನ್ನೂ ನಾಕು ಬುಕಿಂಗ್ ಆದ್ವು ಮೇಡಂ. ಮುಂದಿನ ವರ್ಷನೂ ಇಂಟರ್‌ವ್ಯೂಗೆ ಹೋಗ್ರಿ, ಬಿಡಬ್ಯಾಡ್ರಿ.”

೫. ಮಿಲ್ಲು ನಿಂತ ದಿನ

ಮೂರನೇ ವರ್ಷದ ಇಂಟರ್‌ವ್ಯೂ ಕಂಪ್ಯೂಟರ್ ಮೇಲೆ, ಮನೆಯಿಂದಲೇ. ಬೆಳಿಗ್ಗೆ ಹನ್ನೊಂದಕ್ಕೆ ಸಮಯ ಕೊಟ್ಟಿದ್ದರು. ಆ ವಾರ ಕಂಪ್ಲಿಯಲ್ಲಿದ್ದೆ. ನಮ್ಮ ಮನೆ ಮಿಲ್ಲಿನ ಅಂಗಳದಲ್ಲೇ ಇದೆ. ಮಿಲ್ಲು ನಡೆಯುವಾಗ ನಮ್ಮ ಮನೆಯವರು ಒಬ್ಬರಿಗೊಬ್ಬರು ಕೂಗಿಯೇ ಮಾತಾಡುವುದು. ಕೊನೆಯ ಕೋಣೆಗೆ ಹೋಗಿ ಕಿಟಕಿಗಳಿಗೆಲ್ಲ ಗೋಣಿಚೀಲ ಹೊಡೆದೆ. ಸದ್ದು ಒಂದಿಷ್ಟೂ ಕಡಿಮೆಯಾಗಲಿಲ್ಲ.

ಅಪ್ಪ ಬಾಗಿಲಲ್ಲಿ ನಿಂತು ನೋಡಿದ. ಹತ್ತೂಮುಕ್ಕಾಲಿಗೆ ಮಿಲ್ಲು ನಿಂತಿತು. ಸುಗ್ಗಿಯಲ್ಲಿ ಅಪ್ಪ ಮಿಲ್ಲು ನಿಲ್ಲಿಸಿದ್ದನ್ನು ನಾನು ನೋಡಿದ್ದೇ ಇಲ್ಲ. ಹೊರಗೆ ಭತ್ತ ತಂದ ಟ್ರ್ಯಾಕ್ಟರುಗಳ ಸಾಲಿತ್ತು. “ಒಂದು ತಾಸು ಯಾರೂ ಮಾತಾಡಬ್ಯಾಡ್ರಿ,” ಅಂತ ಹಮಾಲರಿಗೆ ಅಪ್ಪ ಹೇಳುತ್ತಿದ್ದುದು ಕೇಳಿತು. ಆ ಗಳಿಗೆಗೋಸ್ಕರವೇ ಮೂರು ವರ್ಷ ಒದ್ದಾಡಿದ್ದೆನೇನೋ ಅನ್ನಿಸಿತು.

ಇಂಟರ್‌ವ್ಯೂ ಚೆನ್ನಾಗಿ ಶುರುವಾಯಿತು. ಮಿಲ್ಲಿನ ಬಗ್ಗೆ ಕೇಳಿದರು, ನಾನು ಹೇಳುತ್ತ ಹೋದೆ. ಹತ್ತು ನಿಮಿಷ ಆಗಿರಬೇಕು. ಅಂಗಳದಲ್ಲಿ ಯಾರೋ ಹೆಂಗಸು ಅತ್ತಂತೆ ಕೇಳಿತು. ಆಮೇಲೆ ಇಬ್ಬರು. ಆಮೇಲೆ ಒಂದು ದನಿ ರಾಗ ತೆಗೆದು, “ಎಂಥಾ ಮನಷ್ಯಾ ಇದ್ದೆಪ್ಪಾ,” ಅಂತ ಹಾಡಿಕೊಂಡು ಅಳಲು ಶುರು ಮಾಡಿತು.

ಆದದ್ದಿಷ್ಟು. ನಮ್ಮ ಓಣಿಯವರಿಗೆ ಮಿಲ್ಲಿನ ಸದ್ದು ಉಸಿರಿದ್ದ ಹಾಗೆ. ಸುಗ್ಗಿಯಲ್ಲಿ ಮಧ್ಯಾಹ್ನಕ್ಕೆ ಮುಂಚೆ ಅದು ನಿಂತರೆ ಒಂದೇ ಅರ್ಥ, ಸಾವ್ಕಾರ ಹೋದ. ಹಿಂದಿನ ಸಲ ಹಾಗೆ ನಿಂತದ್ದು ನಾನು ಹುಟ್ಟುವ ಮೊದಲು, ನಮ್ಮಜ್ಜ ತೀರಿದ ದಿನ. ಹೆಂಗಸರು ತಲೆಯ ಮೇಲೆ ಸೆರಗು ಹೊದ್ದುಕೊಂಡು ಬಂದಿದ್ದರು. ಹಮಾಲರನ್ನು ಕೇಳಿದರೆ ಅವರು ಬಾಯಿಯ ಮೇಲೆ ಬೆರಳಿಟ್ಟು ಸುಮ್ಮನಿರಿ ಅಂದಿದ್ದಾರೆ. ಖಾತ್ರಿಯಾಯಿತು.

“ಮನೆಯಲ್ಲಿ ಏನಾದರೂ ತೊಂದರೆಯಾ?” ಅಂತ ಕಂಪ್ಯೂಟರಿನ ಆಚೆಯಿಂದ ಒಬ್ಬರು ಕೇಳಿದರು.

“ಇಲ್ಲ ಸರ್. ನನ್ನ ಇಂಟರ್‌ವ್ಯೂಗೆ ಅಂತ ಮಿಲ್ಲು ನಿಲ್ಲಿಸಿದ್ದಾರೆ.”

“ಅದಕ್ಕೆ ಅಳುತ್ತಿದ್ದಾರಾ?”

ಮುಗಿಸಿ ಹೊರಗೆ ಬಂದರೆ ಅಪ್ಪ ಕಟ್ಟೆಯ ಮೇಲೆ ಕೂತು ಬಂದವರಿಗೆಲ್ಲ ತಾನು ಬದುಕಿದ್ದೇನೆ ಅಂತ ತಿಳಿಸಿ ಹೇಳುತ್ತಿದ್ದ. ನಮ್ಮ ದೂರದ ಸಂಬಂಧದ ಒಬ್ಬ ಅಜ್ಜಿ, ರಾಗ ತೆಗೆದವಳು ಅವಳೇ, ಸೇವಂತಿಗೆ ಹಾರ ಕೂಡ ತಂದಿದ್ದಳು. ವಿಷಯ ಪೂರ್ತಿ ಕೇಳಿ ಕಣ್ಣೊರೆಸಿಕೊಂಡು ಹಾರವನ್ನು ನನ್ನ ಕೈಗೆ ಕೊಟ್ಟಳು.

“ಇಟ್ಕೊ ತಾಯಿ. ನೀರು ಚಿಮುಕಿಸಿ ಇಡು. ರಿಸಲ್ಟ್ ಬಂದ ಮ್ಯಾಲೆ ಯಾವುದಕ್ಕಾದ್ರೂ ಬರ್ತೈತಿ.”

೬. ಎರಡನೇ ನಂಬರು

ಆ ಸಲ ನನ್ನನ್ನು ಬೇಡ ಅನ್ನಲಿಲ್ಲ, ವೇಟಿಂಗ್ ಲಿಸ್ಟಿಗೆ ಹಾಕಿದರು. ಹನ್ನೊಂದನೇ ನಂಬರು. ಬೇಡ ಅಂದಿದ್ದರೆ ಒಂದು ದಿನ ಅತ್ತು ಮರುದಿನ ಬಸ್ಸು ಹತ್ತುತ್ತಿದ್ದೆ. ಇದು ಹಾಗಲ್ಲ. ಪ್ರತಿ ಗಂಟೆಗೊಮ್ಮೆ ಮೊಬೈಲ್ ನೋಡುವುದು. ಹನ್ನೊಂದು ಒಂಬತ್ತಾಯಿತು, ಕೂಡಲೇ ಹೊಸ ಸೂಟ್‌ಕೇಸ್ ನೋಡಿ ಬಂದೆ. ವಾರ ಕಳೆದರೂ ಒಂಬತ್ತೇ, ಊಟ ಸೇರಲಿಲ್ಲ. ಐದಾಯಿತು, ಪೀಜಿಯವರಿಗೆ ಕೋಣೆ ಬಿಡುತ್ತೇನೆ ಅಂದೆ. ಮತ್ತೆ ಅಲ್ಲೇ ನಿಂತಿತು, ಬಿಡುವುದಿಲ್ಲ ಅಂದೆ.

ಎರಡಕ್ಕೆ ಬಂದು ನಿಂತಾಗ ಅವ್ವನಿಗೆ ಸಹಿಸಲಾಗಲಿಲ್ಲ. ಸಂಡೂರಿನ ಬೆಟ್ಟದ ದೇವರಿಗೆ ಹರಕೆ ಹೊತ್ತಳು. ತಮ್ಮ ಕಾರು ತೆಗೆದ. ಆ ಗುಡಿಯ ಒಳಗೆ ಹೆಂಗಸರು ಹೋಗುವ ಪದ್ಧತಿ ಇಲ್ಲ. ಹಾಗಾಗಿ ಹರಕೆ ನನ್ನ ಹೆಸರಿಗೆ, ದರ್ಶನ ತಮ್ಮನಿಗೆ. ನಾನೂ ಅವ್ವನೂ ಹೊರಗೆ ನಿಂತು ಕೈಮುಗಿದೆವು.

ಬೆಟ್ಟ ಇಳಿಯುವವರೆಗೂ ಮೊಬೈಲಿಗೆ ಸಿಗ್ನಲ್ ಇರಲಿಲ್ಲ. ಕೆಳಗೆ ಒಂದು ತಿರುವಿನಲ್ಲಿ ಅದಿರು ಲಾರಿಗಳು ಸಾಲಾಗಿ ನಿಂತಿದ್ದವು, ಡ್ರೈವರ್‌ಗಳೆಲ್ಲ ಒಂದು ಬಂಡೆಯ ಮೇಲೆ ನಿಂತು ಫೋನಿನಲ್ಲಿ ಮಾತಾಡುತ್ತಿದ್ದರು. ಸಿಗ್ನಲ್ ಸಿಗುವುದು ಅಲ್ಲೇ ಅಂತೆ. ಕಾರು ನಿಲ್ಲಿಸಿ ನಾನೂ ಬಂಡೆ ಹತ್ತಿದೆ. ಪಕ್ಕದಲ್ಲಿದ್ದ ವಯಸ್ಸಾದ ಡ್ರೈವರ್ ನನ್ನ ಮುಖ ನೋಡಿ, “ಏನಾತವ್ವ, ಯಾರಿಗರ ಹುಷಾರಿಲ್ಲೇನು?” ಅಂದ.

“ಇಲ್ಲ ಕಾಕಾ. ಕಾಲೇಜಿನ ವೇಟಿಂಗ್ ಲಿಸ್ಟು.”

“ಎಷ್ಟನೇ ನಂಬರು?”

“ಎರಡು.”

“ನಂದು ನಲವತ್ತಾರು,” ಅಂದ. ಲೋಡಿಂಗಿಗೆ ಕಾಯುವ ಲಾರಿಗಳಿಗೆ ನಂಬರು ಕೊಟ್ಟಿರುತ್ತಾರೆ. ಹಿಂದಿನ ದಿನದಿಂದ ನಿಂತಿದ್ದನಂತೆ. ಮೂರು ವರ್ಷದಲ್ಲಿ ನನ್ನ ಪರಿಸ್ಥಿತಿ ಪೂರ್ತಿ ಅರ್ಥವಾದ ಮೊದಲ ಮನುಷ್ಯ ಅವನು. “ನಿನ್ನ ಮುಂದಿನವನ ಗಾಡಿ ಪಂಚರ್ ಆಗಬೇಕು, ಇಲ್ಲಾ ಅವ ಬ್ಯಾರೆ ಗಣಿಗೆ ಹೋಗಬೇಕು. ದೇವ್ರಿಗೆ ಅದನ್ನ ಬೇಡ್ಕೋಬೇಕು. ಬರೇ ಸೀಟು ಕೊಡು ಅಂದ್ರ ಅವ ಎಲ್ಲಿಂದ ತರ್ತಾನ?”

ಅಷ್ಟರಲ್ಲಿ ಪುಟ ತೆರೆಯಿತು. ಒಂದು. ನನ್ನ ನಂಬರು ಒಂದಾಗಿತ್ತು. ಡ್ರೈವರ್‌ಗಳೆಲ್ಲ ಸೇರಿ ಚಪ್ಪಾಳೆ ತಟ್ಟಿದರು. ಅವ್ವ ಅವರಿಗೆಲ್ಲ ಪ್ರಸಾದ ಹಂಚಿದಳು.

ಆ ಒಂದು ಒಂದಾಗಿಯೇ ಉಳಿಯಿತು. ಕ್ಲಾಸು ಶುರುವಾಗುವ ದಿನ ತಡೆಯಲಾರದೆ ಕಾಲೇಜಿನ ಆಫೀಸಿಗೆ ಫೋನ್ ಮಾಡಿದೆ. ಅಲ್ಲಿನ ಹುಡುಗಿ ಬಹಳ ಮೃದುವಾಗಿ ಮಾತಾಡಿದಳು. “ಮುಂದಿನವರು ಯಾರೂ ಬಿಡಲಿಲ್ಲ ಮೇಡಂ. ಆದರೆ ನೀವು ಬೇಜಾರು ಮಾಡಿಕೊಳ್ಳಬೇಡಿ. ಸೀಟು ಸಿಗದೆ ಇರುವವರಲ್ಲಿ ನೀವೇ ಫಸ್ಟು.”

೭. ತಮ್ಮನ ಸೀಟು

ನಾಲ್ಕನೇ ವರ್ಷ ನಾನು ಅರ್ಜಿ ಹಾಕಲಿಲ್ಲ. ತಮ್ಮ ಹಾಕಿದ.

ನನ್ನನ್ನು ವೇಟಿಂಗ್ ಲಿಸ್ಟಿನಲ್ಲಿಟ್ಟ ಕಾಲೇಜಿನಲ್ಲೇ ಮನೆತನದ ವ್ಯಾಪಾರ ನಡೆಸುವವರಿಗೆ ಅಂತ ಬೇರೆ ಕೋರ್ಸ್ ತೆರೆದಿದ್ದರು. ವ್ಯಾಪಾರದ ಕಾಗದಪತ್ರದಲ್ಲಿ ಹೆಸರಿದ್ದವರು ಮಾತ್ರ ಅರ್ಜಿ ಹಾಕಬಹುದು. ನನ್ನ ಹೆಸರು ಮಿಲ್ಲಿನ ಯಾವ ಕಾಗದದಲ್ಲೂ ಇರಲಿಲ್ಲ. ತಮ್ಮ ಬಿಕಾಂ ಮುಗಿಸಿದಾಗಿನಿಂದ ಪಾಲುದಾರ. ಗೆಳೆಯರೆಲ್ಲ ಓದಲು ಹೊರಟಿದ್ದರು, ಅವನಿಗೂ ಹೊರಡಬೇಕು ಅನ್ನಿಸಿತ್ತು.

“ಅಕ್ಕಾ, ನೀ ಅರ್ಜಿಗೆ ಬರೆದಿದ್ದ ಎಸ್ಸೇ ಇದ್ರ ಕಳಸು. ಸುಮ್ನ ಹೆಂಗಿರ್ತೈತಿ ಅಂತ ನೋಡ್ತೀನಿ,” ಅಂದ. ಕಳಿಸಿದೆ. ಸಿಟ್ಟು ಬಂತು, ಆದರೂ ಕಳಿಸಿದೆ. ಅವನು ನನ್ನ ತಮ್ಮ, ಕೆಟ್ಟವನಲ್ಲ.

ಆ ಪ್ರಬಂಧದಲ್ಲಿ ಮಿಲ್ಲಿನಲ್ಲಿ ನಾನು ಭಾನುವಾರಗಳಂದು ಮಾಡಿದ್ದೆಲ್ಲ ಇತ್ತು. ಟ್ರ್ಯಾಕ್ಟರುಗಳಿಗೆ ಟೋಕನ್ ಕೊಡಲು ಶುರು ಮಾಡಿದ್ದು, ತೇವ ನೋಡಲು ಯಂತ್ರ ತರಿಸಿ ಜಗಳ ಕಡಿಮೆ ಮಾಡಿದ್ದು, ಹಮಾಲರಿಗೆ ಮೂಗಿಗೆ ಕಟ್ಟಲು ಬಟ್ಟೆ ಕೊಡಿಸಿದ್ದು. ತಮ್ಮ ಹೆಚ್ಚೇನೂ ಮಾಡಲಿಲ್ಲ. ಕಂಪ್ಯೂಟರಿಗೆ ‘ಮಗಳು’ ಅಂತ ಇದ್ದಲ್ಲೆಲ್ಲ ‘ಮಗ’ ಅಂತ ಮಾಡು ಅಂದ. ಅದು ಮಾಡಿತು. ಒಂದೇ ಒಂದು ಕಡೆ ನಾನು ಇಂಗ್ಲಿಷಿನಲ್ಲಿ ಆ ಪದದ ಸ್ಪೆಲಿಂಗ್ ತಪ್ಪು ಬರೆದಿದ್ದೆ. ಹಾಗಾಗಿ ಅದು ಕಂಪ್ಯೂಟರಿಗೆ ಸಿಗಲಿಲ್ಲ. ‘ಮನೆಗೆ ನಾನೇ ಹಿರಿಯ ಮಗಳಾದರೂ ಮಿಲ್ಲಿನ ವಿಷಯದಲ್ಲಿ ನನ್ನನ್ನು ಯಾರೂ ಒಂದು ಮಾತು ಕೇಳಲಿಲ್ಲ’ ಅನ್ನುವ ಸಾಲು ಹಾಗೇ ಹೋಯಿತು.

ಇಂಟರ್‌ವ್ಯೂನಲ್ಲಿ ಅವರು ಓದಿದ್ದು ಅದನ್ನೇ. ಇದೇನು ಅಂತ ಕೇಳಿದರಂತೆ. ಬಾಯಿಂದಲೇ ಬದುಕುವ ಜಾತಿ ತಮ್ಮ. “ಅದು ನಮ್ಮಕ್ಕನ ಮಾತು ಸರ್. ಮಿಲ್ಲಿನ ಕತೆಯಲ್ಲಿ ಅವಳ ದನಿ ಬಿಟ್ಟುಹೋಗಬಾರದು ಅಂತ ಅವಳ ಮಾತಿನಲ್ಲೇ ಇಟ್ಟೆ,” ಅಂದನಂತೆ. ಕೇಳುತ್ತಿದ್ದ ಮೇಡಂ ಒಬ್ಬರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರಂತೆ. ವೇಟಿಂಗ್ ಇಲ್ಲ, ಏನಿಲ್ಲ. ವಾರದಲ್ಲಿ ಸೀಟು ಬಂತು.

ಮನೆಯಲ್ಲಿ ಪೇಡೆ ತಂದರು. ನನಗೆ ಅಳು ಬಂತು, ತಡೆಯಲಾಗಲಿಲ್ಲ, ಎಲ್ಲರೆದುರಿಗೇ ಅತ್ತುಬಿಟ್ಟೆ. ಅವ್ವ ಬಂದವರಿಗೆಲ್ಲ ನನ್ನನ್ನು ತೋರಿಸಿ, “ನೋಡ್ರಿ, ತಮ್ಮನ ಮ್ಯಾಲೆ ಎಷ್ಟು ಜೀವ ಐತಿ,” ಅಂದಳು.

ಅವನು ಹೋದ ಮೇಲೆ ಅಪ್ಪನಿಗೆ ಒಬ್ಬನಿಗೇ ಆಗಲಿಲ್ಲ. ಒಂದು ದಿನ ಆಫೀಸಿನ ಬೀಗದ ಕೈ ನನ್ನ ಮುಂದಿಟ್ಟು, “ಅವ ಓದಿ ಬರೋ ತನಕ ನೀ ನೋಡ್ಕೊ,” ಅಂದ. ತೋರಣಗಲ್ಲಿನ ಕೆಲಸ ಬಿಟ್ಟು ಬಂದೆ. ಈ ಸುಗ್ಗಿ ಚೆನ್ನಾಗಿ ನಡೆಯಿತು. ಅಪ್ಪ ಈಗ ರೈತರು ಏನಾದರೂ ಕೇಳಿದರೆ, “ಆಕಿನ್ನ ಕೇಳ್ರಿ,” ಅನ್ನುತ್ತಾನೆ. ಅದನ್ನು ಅಂದ ಮೇಲೆ ತಾನು ಏನಂದೆ ಅಂತ ಹೊಳೆದು ಹೊರಗಿನ ಬೋರ್ಡಿನ ಕಡೆ ನೋಡುತ್ತಾನೆ.

ಕಳೆದ ವಾರ ತಮ್ಮ ಫೋನ್ ಮಾಡಿದ. ಅಂಗಳದಲ್ಲಿ ಟ್ರ್ಯಾಕ್ಟರ್ ಇಳಿಸುತ್ತಿದ್ದರು, ನನ್ನ ಬಾಯಲ್ಲಿ ಭತ್ತದ ಕಾಳಿತ್ತು.

“ಅಕ್ಕಾ, ಕ್ಲಾಸಿನ್ಯಾಗ ಒಂದು ಪುಟ ಬರೀರಿ ಅಂದಾರ. ನಿಮ್ಮ ಮನಿ ವ್ಯಾಪಾರಕ್ಕ ಮುಂದ ಬರೋ ದೊಡ್ಡ ಅಪಾಯ ಯಾವುದು ಅಂತ. ನಮ್ಮ ಮಿಲ್ಲಿಗೆ ಏನಂತ ಬರೀಲಿ?”

ಕಾಳು ಉಗುಳಿದೆ. “ನೀ ಓದು ಮುಗಿಸಿ ವಾಪಸ್ ಬರ್ತಿಯಲ್ಲ, ಅದನ್ನ ಬರಿ,” ಅಂದು ಫೋನ್ ಇಟ್ಟೆ.

ಮೂರು ದಿನ ಅವನ ಫೋನ್ ಇಲ್ಲ. ನಾನು ಹಾಗೆ ಅನ್ನಬಾರದಿತ್ತು ಅಂತ ನನಗೇ ಅನ್ನಿಸತೊಡಗಿತು. ಅವ್ವನ ಕೈಲಿ ಫೋನ್ ಮಾಡಿಸಬೇಕು ಅನ್ನುವಷ್ಟರಲ್ಲಿ ನಾಲ್ಕನೇ ದಿನ ಅವನೇ ಮಾಡಿದ. ನಾನು ಹೇಳಿದ್ದನ್ನೇ ಬರೆದಿದ್ದನಂತೆ, ಪೂರ್ತಿ ಒಂದು ಪುಟ. ಪ್ರೊಫೆಸರು ಅವನನ್ನು ಎದ್ದು ನಿಲ್ಲಿಸಿ ಎಲ್ಲರಿಗೂ ಓದಿಸಿದರಂತೆ. ತನ್ನ ಬಗ್ಗೆ ಇಷ್ಟು ನಿಷ್ಠುರವಾಗಿ ಯೋಚಿಸುವ ವಿದ್ಯಾರ್ಥಿಯನ್ನು ತಾವು ಈವರೆಗೆ ನೋಡಿರಲಿಲ್ಲ ಅಂದರಂತೆ.

“ಕ್ಲಾಸಿಗೇ ಹೆಚ್ಚು ಮಾರ್ಕ್ಸ್ ಅಕ್ಕಾ,” ಅಂದ. ದನಿಯಲ್ಲಿ ಖುಷಿ ತುಂಬಿತ್ತು. “ಇನ್ನೊಂದು ಬರೀಬೇಕು, ಮುಂದಿನ ವಾರ ಕೊಡಬೇಕು. ಆ ಅಪಾಯ ಬರದಂಗ ಹೆಂಗ ತಡೀಬೇಕು ಅಂತ. ನೀ ಸ್ವಲ್ಪ ಯೋಚನಿ ಮಾಡಿ ಇಡು.”

ಯೋಚನೆ ಮಾಡುತ್ತಿದ್ದೇನೆ.